ಗೋಪ್ರೋ ಹೀರೋ 13: ಲೆನ್ಸ್ ಹೊಸದು, ಸೆನ್ಸರ್ ಹಳೆಯದು

ಗೋಪ್ರೋ ಕಂಪನಿ 2024ರ ಸೆಪ್ಟೆಂಬರ್ 4ರಂದು ಹೀರೋ 13 ಬ್ಲ್ಯಾಕ್ ಅನ್ನುವ ಆ್ಯಕ್ಷನ್ ಕ್ಯಾಮೆರಾ (ಹೆಲ್ಮೆಟ್‌ಗೋ ಬೈಕ್‌ಗೋ ಕಟ್ಟಿಕೊಳ್ಳುವ ಪುಟ್ಟ ಕ್ಯಾಮೆರಾ) ಬಿಡುಗಡೆ ಮಾಡಿದಾಗ ಎಲ್ಲರೂ ಮಾತಾಡಿದ್ದು ಲೆನ್ಸ್‌ಗಳ ಬಗ್ಗೆ. ಮ್ಯಾಕ್ರೋ ಲೆನ್ಸ್, ಅಲ್ಟ್ರಾ ವೈಡ್ ಲೆನ್ಸ್, ಎನ್‌ಡಿ ಫಿಲ್ಟರ್‌ಗಳು, ಆಮೇಲೆ 2025ರಲ್ಲಿ ಬಂದ, ಸಿನಿಮಾದ ಹಾಗೆ ಅಗಲವಾದ ಚಿತ್ರ ಕೊಡುವ ಅನಾಮಾರ್ಫಿಕ್ ಲೆನ್ಸ್. ಇದರ ಜೊತೆಗೆ ದೊಡ್ಡ ಬ್ಯಾಟರಿ, ಸೆಕೆಂಡಿಗೆ 400 ಫ್ರೇಮ್‌ಗಳ ಸ್ಲೋ ಮೋಷನ್, ಮ್ಯಾಗ್ನೆಟ್‌ನಿಂದ ಕಚ್ಚಿಕೊಳ್ಳುವ ಮೌಂಟ್, ಹೀರೋ 12ರಲ್ಲಿ ಕಿತ್ತುಹಾಕಿದ್ದ ಜಿಪಿಎಸ್ ವಾಪಸ್. ಪಟ್ಟಿ ಉದ್ದ ಇದೆ. ಆದರೆ ಕ್ಯಾಮೆರಾದ ಒಳಗೆ ಚಿತ್ರ ಹುಟ್ಟುವ ಎರಡು ಜಾಗಗಳಿವೆ, ಒಂದು ಬೆಳಕು ಹಿಡಿಯುವ ಸೆನ್ಸರ್, ಇನ್ನೊಂದು ಅದನ್ನು ವಿಡಿಯೋ ಮಾಡುವ ಪ್ರೊಸೆಸರ್. ಅವೆರಡೂ ಬದಲಾಗಿಲ್ಲ.

1/1.9 ಇಂಚಿನ, 27 ಮೆಗಾಪಿಕ್ಸೆಲ್‌ನ ಈ ಸೆನ್ಸರ್ ಮೊದಲು ಬಂದಿದ್ದು 2022ರ ಹೀರೋ 11ರಲ್ಲಿ. ಜಿಪಿ2 ಅನ್ನುವ ಪ್ರೊಸೆಸರ್ ಇನ್ನೂ ಹಿಂದಿನದು, 2021ರ ಹೀರೋ 10ರದ್ದು. ಅಂದರೆ ಹಗಲು ಬೆಳಕಿನಲ್ಲಿ, ಯಾವ ಹೆಚ್ಚುವರಿ ಲೆನ್ಸ್ ಹಾಕದೆ ತೆಗೆದ ವಿಡಿಯೋ ನೋಡಿ ಇದು ಹೀರೋ 11, ಇದು ಹೀರೋ 13 ಅಂತ ಬೇರೆ ಮಾಡುವುದು ಬಹಳ ಕಷ್ಟ. ಹೀರೋ 11, 12, 13 ಮೂರರಲ್ಲೂ ಸಾಮಾನ್ಯ ರೆಕಾರ್ಡಿಂಗ್‌ನ ಗರಿಷ್ಠ ರೆಸಲ್ಯೂಶನ್ 5.3ಕೆ, ಅದೂ ಸೆಕೆಂಡಿಗೆ 60 ಫ್ರೇಮ್. ಮೂರರಲ್ಲೂ 4ಕೆ 120 ಫ್ರೇಮ್. ನನ್ನ ಮಟ್ಟಿಗೆ ಹೀರೋ 13ರ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದೇ: ಇದು ಕ್ಯಾಮೆರಾದ ಸುತ್ತಲಿನ ವ್ಯವಸ್ಥೆಗೆ ಆದ ಅಪ್‌ಗ್ರೇಡ್. ಚಿತ್ರಕ್ಕೆ ಆದದ್ದು ಕಡಿಮೆ. ಆ ವ್ಯವಸ್ಥೆ ನಿಮಗೆ ಬೇಕಾ ಬೇಡವಾ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಭಾರತದಲ್ಲಿ ಬಿಡುಗಡೆಯ ಬೆಲೆ 44,990 ರೂಪಾಯಿ ಇತ್ತು. ಇಷ್ಟು ದುಡ್ಡು ಹಾಕುವಾಗ ಡಬ್ಬದ ಮೇಲಿನ ಪಟ್ಟಿ ಓದಿದರೆ ಸಾಲದು.

ಮೊದಲು ಲೆನ್ಸ್ ವಿಷಯವನ್ನೇ ನೋಡೋಣ, ಯಾಕೆಂದರೆ ನಿಜವಾಗಿ ಹೊಸತು ಅಂತ ಇರುವುದು ಅಲ್ಲೇ. ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫೋಕಸ್ ಒಂದೇ ಕಡೆ ನಿಂತಿರುತ್ತದೆ. ಫೋನಿನ ಹಾಗೆ ಹತ್ತಿರದ ವಸ್ತುವಿಗೆ ಒಂದು ಸಲ, ದೂರದ ಬೆಟ್ಟಕ್ಕೆ ಒಂದು ಸಲ ಫೋಕಸ್ ಬದಲಾಗುವುದಿಲ್ಲ. ಚಿಕ್ಕ ಸೆನ್ಸರ್, ಅಗಲ ಲೆನ್ಸ್ ಸೇರಿದಾಗ ಒಂದಿಷ್ಟು ದೂರದಿಂದ ಆಚೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಆದ್ದರಿಂದ ಇದು ಕುಣಿಯುವ, ಓಡುವ, ಬೀಳುವ ಕೆಲಸಗಳಿಗೆ ಸರಿಹೋಗುತ್ತದೆ. ಫೋಕಸ್ ಹುಡುಕುತ್ತಾ ತಡವರಿಸುವ ಸಮಸ್ಯೆಯೇ ಇಲ್ಲ. ಆದರೆ ತೀರಾ ಹತ್ತಿರ ಹೋದರೆ ಚಿತ್ರ ಮಸುಕು. ಅಂಗೈ ಮೇಲಿನ ಕಪ್ಪೆಯನ್ನೋ, ಎಲೆಯ ಕೆಳಗಿನ ಹುಳುವನ್ನೋ ತೆಗೆಯಲು ಹೋದವರಿಗೆ ಇದು ಗೊತ್ತಿರುತ್ತದೆ. ಹೀರೋ 13ರ ಮ್ಯಾಕ್ರೋ ಲೆನ್ಸ್ ಹಾಕಿದರೆ 11 ಸೆಂಟಿಮೀಟರ್ ಹತ್ತಿರದವರೆಗೂ ಹೋಗಬಹುದು. ಸುತ್ತ ಒಂದು ರಿಂಗ್ ಇದೆ, ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು. ಮಳೆಗಾಲದಲ್ಲಿ ಆಗುಂಬೆ ಕಡೆ ಕಪ್ಪೆ, ಅಣಬೆ, ಆರ್ಕಿಡ್ ಹುಡುಕಿಕೊಂಡು ಹೋಗುವವರಿಗೆ ಇದು ನಿಜಕ್ಕೂ ಹೊಸ ದಾರಿ. ಒದ್ದೆ ನೆಲದಲ್ಲಿ ದೊಡ್ಡ ಕ್ಯಾಮೆರಾ ಇಟ್ಟು ಮಲಗುವುದಕ್ಕೆ ಭಯ ಇರುತ್ತದೆ, ಇದಕ್ಕೆ ಆ ಭಯ ಕಡಿಮೆ.

ಲೆನ್ಸ್ ಹಾಕಿದ ಕೂಡಲೇ ಯಾವ ಲೆನ್ಸ್ ಬಂತು ಅಂತ ಕ್ಯಾಮೆರಾಗೇ ಗೊತ್ತಾಗುತ್ತದೆ, ತನ್ನ ಸೆಟ್ಟಿಂಗ್ ತಾನೇ ಬದಲಿಸಿಕೊಳ್ಳುತ್ತದೆ. ಇದು ಸಣ್ಣ ಸಂಗತಿ ಅನ್ನಿಸಬಹುದು, ಆದರೆ ಅಲ್ಲ. ಕ್ಯಾಮೆರಾ ಅಲುಗಾಡಿದ್ದನ್ನು ಸರಿಮಾಡುವ ಹೈಪರ್‌ಸ್ಮೂತ್ ತಂತ್ರ ಕೆಲಸ ಮಾಡಬೇಕಾದರೆ, ಮುಂದಿರುವ ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸುತ್ತಿದೆ ಅನ್ನುವ ಲೆಕ್ಕ ಕ್ಯಾಮೆರಾಗೆ ಸರಿಯಾಗಿ ಗೊತ್ತಿರಬೇಕು. ಹಳೆಯ ಕ್ಯಾಮೆರಾದಲ್ಲಿ ಮ್ಯಾಕ್ಸ್ ಲೆನ್ಸ್ (ನೋಟ ಅಗಲ ಮಾಡುವ ಹಳೆಯ ಹೆಚ್ಚುವರಿ ಲೆನ್ಸ್) ಹಾಕಿ ಮೆನುವಿನಲ್ಲಿ ಅದನ್ನು ಆನ್ ಮಾಡಲು ಮರೆತರೆ ಇಡೀ ದಿನದ ಫುಟೇಜ್ ಹಾಳು. ಈಗ ಆ ಗೊಂದಲ ಇಲ್ಲ. 177 ಡಿಗ್ರಿ ಅಗಲದ ಅಲ್ಟ್ರಾ ವೈಡ್ ಲೆನ್ಸ್‌ಗೂ ಇದೇ ಅನುಕೂಲ.

ಆದರೆ ಇವುಗಳಲ್ಲಿ ಯಾವುದೂ ಕ್ಯಾಮೆರಾ ಜೊತೆ ಬರುವುದಿಲ್ಲ. ಬಿಡುಗಡೆಯ ಹೊತ್ತಿನ ಅಮೆರಿಕದ ಬೆಲೆಯಲ್ಲಿ ಮ್ಯಾಕ್ರೋ ಲೆನ್ಸ್ ಸುಮಾರು 130 ಡಾಲರ್, ಅಲ್ಟ್ರಾ ವೈಡ್ 100 ಡಾಲರ್, ನಾಲ್ಕು ಎನ್‌ಡಿ ಫಿಲ್ಟರ್‌ಗಳ ಸೆಟ್ 70 ಡಾಲರ್. ಕ್ಯಾಮೆರಾ ಬೆಲೆಯೇ ಆಗ ಅಲ್ಲಿ 400 ಡಾಲರ್ ಇತ್ತು. ಮೂರನ್ನೂ ತಗೊಂಡರೆ ಕ್ಯಾಮೆರಾದ ಮುಕ್ಕಾಲು ಬೆಲೆ ಲೆನ್ಸ್‌ಗೇ ಹೋಗುತ್ತದೆ. ಕಂಪನಿಯ ಲೆಕ್ಕ ಏನು ಅಂತ ಇದರಿಂದ ಅರ್ಥವಾಗುತ್ತದೆ. ಇದರಲ್ಲಿ ತಪ್ಪಿಲ್ಲ, ಆದರೆ ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಲೆನ್ಸ್ ಬೇಡ ಅನ್ನುವವರಿಗೆ ಹೀರೋ 13ರಲ್ಲಿ ಸಿಗುವ ಹೊಸತು ತುಂಬಾ ಕಡಿಮೆಯಾಗಿಬಿಡುತ್ತದೆ.

ಸ್ಲೋ ಮೋಷನ್ ಬಗ್ಗೆ ಜಾಸ್ತಿ ಪ್ರಚಾರ ಆಯಿತು. ಸೆಕೆಂಡಿಗೆ 400 ಫ್ರೇಮ್ ತೆಗೆದು ಅದನ್ನು 30 ಫ್ರೇಮ್‌ನಲ್ಲಿ ಓಡಿಸಿದರೆ 13 ಪಟ್ಟು ನಿಧಾನ. ಆದರೆ ಇದು ಬರ್ಸ್ಟ್ ಮೋಡ್, ಒಂದು ಸಲಕ್ಕೆ 15 ಸೆಕೆಂಡ್ ಮಾತ್ರ ಸಿಗುತ್ತದೆ, ಅದೂ 720ಪಿ ರೆಸಲ್ಯೂಶನ್‌ನಲ್ಲಿ. 5.3ಕೆಯಲ್ಲಿ 120 ಫ್ರೇಮ್ ಬೇಕೆಂದರೆ ಬರೀ 5 ಸೆಕೆಂಡ್. ಯಾಕೆ ಈ ಮಿತಿ? ಅಷ್ಟು ಮಾಹಿತಿಯನ್ನು ಪ್ರೊಸೆಸರ್ ಕೂಡಲೇ ಕಾರ್ಡಿಗೆ ಬರೆದು ಮುಗಿಸಲು ಆಗುವುದಿಲ್ಲ. ಮೊದಲು ಒಳಗಿನ ಮೆಮೊರಿಯಲ್ಲಿ ತುಂಬಿಕೊಂಡು, ಆಮೇಲೆ ನಿಧಾನವಾಗಿ ಕಾರ್ಡಿಗೆ ಸುರಿಯುತ್ತದೆ. 2021ರ ಪ್ರೊಸೆಸರ್‌ನಿಂದ ಹೊಸ ಕೆಲಸ ತೆಗೆಯುವ ಜಾಣ ದಾರಿ ಇದು.

ಈ 15 ಸೆಕೆಂಡ್ ಕೇಳಿದ ಕೂಡಲೇ ನನಗೆ ಹೊಳೆದದ್ದು ಕಂಬಳ. ದಕ್ಷಿಣ ಕನ್ನಡ, ಉಡುಪಿ ಕಡೆ ಒಂದು ಜೋಡಿ ಕೋಣ ಕೆಸರುಗದ್ದೆಯ ಕರೆಯನ್ನು ಈ ತುದಿಯಿಂದ ಆ ತುದಿಗೆ ಓಡಿ ಮುಗಿಸುವುದು ಹೆಚ್ಚೂಕಡಿಮೆ ಅಷ್ಟೇ ಹೊತ್ತಿನಲ್ಲಿ. ಹಗಲಿನ ಓಟ ಆದರೆ ಕೆಸರು ಚಿಮ್ಮುವುದು, ಕೋಣದ ಗೊರಸು ನೀರು ಸೀಳುವುದು, ಓಡಿಸುವವನ ಕಾಲು ನೆಲ ಮುಟ್ಟದ ಕ್ಷಣ, ಎಲ್ಲವೂ ಒಂದೇ ಬರ್ಸ್ಟ್‌ನಲ್ಲಿ ಸಿಗಬಹುದು. ಆದರೆ ಕಂಬಳ ಹಗಲಿಗೆ ಮುಗಿಯುವುದಿಲ್ಲ ಅಲ್ವಾ, ರಾತ್ರಿ ಇಡೀ ಹೊನಲು ಬೆಳಕಿನಲ್ಲಿ ನಡೆಯುತ್ತದೆ. ಅಲ್ಲಿಗೆ ಬಂದಾಗ ಈ ಕ್ಯಾಮೆರಾದ ನಿಜವಾದ ಮಿತಿಗಳು ಒಂದೊಂದಾಗಿ ಎದುರಾಗುತ್ತವೆ.

ಮೊದಲನೆಯದು ದೀಪದ ಮಿಣುಕು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಆದ್ದರಿಂದ ಅಲ್ಲಿನವರು 30, 60 ಫ್ರೇಮ್ ಬಳಸುತ್ತಾರೆ. ಅವರ ವಿಡಿಯೋ ನೋಡಿ ನಾವೂ ಅದೇ ಸೆಟ್ಟಿಂಗ್ ಹಾಕಿದರೆ ಟ್ಯೂಬ್‌ಲೈಟ್ ಕೆಳಗೆ, ಮದುವೆ ಮಂಟಪದಲ್ಲಿ, ಜಾತ್ರೆಯ ಅಂಗಡಿ ಸಾಲಿನಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಗೋಪ್ರೋ ಸೆಟ್ಟಿಂಗ್‌ನಲ್ಲಿ ಆ್ಯಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇದೆ. ಅದನ್ನು 50 ಹರ್ಟ್ಸ್‌ಗೆ ಬದಲಿಸಿ. ಆಗ ಫ್ರೇಮ್ ಆಯ್ಕೆಗಳು 25, 50, 100 ಆಗುತ್ತವೆ. ಶಟರ್ (ಒಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) ಕೈಯಲ್ಲಿ ಹಾಕುವವರು ಸೆಕೆಂಡಿನ 1/50 ಅಥವಾ 1/100 ಇಟ್ಟುಕೊಳ್ಳಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಆಗುವ ಈ ಬದಲಾವಣೆ, ರಾತ್ರಿ ವಿಡಿಯೋ ಮಟ್ಟಿಗೆ, ಹೀರೋ 12ರಿಂದ 13ಕ್ಕೆ ಹೋಗುವುದಕ್ಕಿಂತ ದೊಡ್ಡದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ 400 ಫ್ರೇಮ್‌ನ ಸ್ಲೋ ಮೋಷನ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಶಟರ್ 1/400ಕ್ಕಿಂತ ನಿಧಾನ ಆಗಲು ಸಾಧ್ಯವೇ ಇಲ್ಲ. ದೀಪದ ಒಂದೊಂದು ಏರಿಳಿತವೂ ಬೇರೆ ಬೇರೆ ಫ್ರೇಮ್‌ನಲ್ಲಿ ಸಿಕ್ಕಿಬೀಳುತ್ತದೆ. 13 ಪಟ್ಟು ನಿಧಾನ ಮಾಡಿದಾಗ ಸೆಕೆಂಡಿಗೆ ಏಳೆಂಟು ಸಲ ಇಡೀ ಚಿತ್ರ ಬೆಳಗಿ ಮಂಕಾಗಿ ಹೊಡೆದುಕೊಳ್ಳುತ್ತದೆ. ಒಳ್ಳೆಯ ಡ್ರೈವರ್ (ದೀಪಕ್ಕೆ ಕರೆಂಟನ್ನು ಒಂದೇ ಸಮ ಕೊಡುವ ಭಾಗ) ಇರುವ ಎಲ್‌ಇಡಿ ಫ್ಲಡ್‌ಲೈಟ್ ಹಾಕಿದ್ದರೆ ಬಚಾವ್, ಇಲ್ಲದಿದ್ದರೆ ಆ ಕ್ಲಿಪ್ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಈ ಮೋಡ್ ಸೂರ್ಯನ ಬೆಳಕಿಗೆ ಮಾತ್ರ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಎರಡನೆಯದು ಸೆನ್ಸರ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಸ್ಪರ್ಧಿಗಳು ಗೋಪ್ರೋವನ್ನು ಹಿಂದೆ ಹಾಕಿದ್ದು ಇಲ್ಲೇ. ಡಿಜೆಐ ಕಂಪನಿ 2023ರ ಓಸ್ಮೋ ಆ್ಯಕ್ಷನ್ 4ರಲ್ಲೇ 1/1.3 ಇಂಚಿನ ಸೆನ್ಸರ್ ಹಾಕಿತ್ತು. ಹೀರೋ 13 ಬಂದ ಎರಡೇ ವಾರಕ್ಕೆ ಬಂದ ಆ್ಯಕ್ಷನ್ 5 ಪ್ರೊದಲ್ಲೂ ಅದೇ ಅಳತೆ. ಇನ್‌ಸ್ಟಾ360ಯ ಏಸ್ ಪ್ರೊ 2ರಲ್ಲೂ ಅಷ್ಟೇ. ಈ ಅಳತೆಯ ಲೆಕ್ಕ ಸ್ವಲ್ಪ ವಿಚಿತ್ರ, ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. 1/1.9ಕ್ಕೆ ಹೋಲಿಸಿದರೆ 1/1.3ರ ವಿಸ್ತೀರ್ಣ ಹತ್ತಿರ ಹತ್ತಿರ ಎರಡು ಪಟ್ಟು. ಮಳೆ ಬರುವಾಗ ಅಂಗಳದಲ್ಲಿ ಚೆಂಬು ಇಟ್ಟವರಿಗಿಂತ ಕೊಪ್ಪರಿಗೆ ಇಟ್ಟವರಿಗೆ ಬೇಗ ಜಾಸ್ತಿ ನೀರು ಸಿಗುವ ಹಾಗೆ, ದೊಡ್ಡ ಸೆನ್ಸರ್‌ಗೆ ಅದೇ ಹೊತ್ತಿನಲ್ಲಿ ಜಾಸ್ತಿ ಬೆಳಕು ಸಿಗುತ್ತದೆ.

ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ಕಾಳುಕಾಳು ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆ್ಯಕ್ಷನ್ ಕ್ಯಾಮೆರಾದಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಹೈಪರ್‌ಸ್ಮೂತ್ ಹೇಗೆ ಕೆಲಸ ಮಾಡುತ್ತದೆ ಅಂದರೆ, ಒಳಗಿನ ಜೈರೋ ಸೆನ್ಸರ್ ಕ್ಯಾಮೆರಾ ಎತ್ತ ಅಲುಗಿತು ಅಂತ ಅಳೆಯುತ್ತದೆ, ಪ್ರತಿ ಫ್ರೇಮನ್ನೂ ಅದರ ವಿರುದ್ಧ ದಿಕ್ಕಿಗೆ ಸರಿಸಿ, ಅಂಚು ಕತ್ತರಿಸಿ ಜೋಡಿಸುತ್ತದೆ. ಫ್ರೇಮಿನಿಂದ ಫ್ರೇಮಿಗೆ ಆದ ಅಲುಗಾಟ ಇದರಿಂದ ಹೋಗುತ್ತದೆ. ಒಂದು ಫ್ರೇಮಿನ ಒಳಗೇ ಆದ ಅಲುಗಾಟ ಹೋಗುವುದಿಲ್ಲ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ಬೈಕ್ ಗುಂಡಿಗೆ ಇಳಿದರೆ ಆ ಫ್ರೇಮ್ ಕಲಸಿಹೋಗುತ್ತದೆ. ಆಮೇಲೆ ಹೈಪರ್‌ಸ್ಮೂತ್ ಅದನ್ನು ತಂದು ಸರಿಯಾದ ಜಾಗದಲ್ಲೇ ಕೂರಿಸುತ್ತದೆ. ನೋಡುವವರಿಗೆ ಚಿತ್ರ ಅಲುಗುವುದಿಲ್ಲ, ಆದರೆ ನಿಂತ ಜಾಗದಲ್ಲೇ ಮಸುಕಾಗಿ ನಡುಗುತ್ತದೆ. ಸಂಜೆ ಹೊತ್ತಿನ ರೈಡ್ ವಿಡಿಯೋಗಳಲ್ಲಿ ಕಾಣುವ ಆ ನಡುಕ ಇದೇ. ಸಾಫ್ಟ್‌ವೇರ್ ಎಷ್ಟೇ ಜಾಣವಾದರೂ ಇದಕ್ಕೆ ಮದ್ದು ಜಾಸ್ತಿ ಬೆಳಕು, ಅಂದರೆ ದೊಡ್ಡ ಸೆನ್ಸರ್ ಅಥವಾ ದೊಡ್ಡ ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ).

ಇದೇ ಕಾರಣಕ್ಕೆ ಎನ್‌ಡಿ ಫಿಲ್ಟರ್ ಬಗ್ಗೆಯೂ ಎಚ್ಚರ ಬೇಕು. ಎನ್‌ಡಿ ಫಿಲ್ಟರ್ ಬೆಳಕನ್ನು ತಡೆದು ಶಟರನ್ನು ಬೇಕೆಂದೇ ನಿಧಾನ ಮಾಡುತ್ತದೆ, ರಸ್ತೆ ಬದಿಯ ಮರಗಳು ಸಿನಿಮಾದ ಹಾಗೆ ಹರಿದಂತೆ ಕಾಣುತ್ತವೆ. ನುಣುಪು ಹೈವೇಯಲ್ಲಿ, ಕಾರಿನ ಬಾನೆಟ್ ಮೇಲೆ ಇದು ಚೆಂದ. ಚಾರ್ಮಾಡಿ ಘಾಟಿಯ ಕಿತ್ತುಹೋದ ತಿರುವಿನಲ್ಲಿ, ಮರಗಳ ನೆರಳಿನಲ್ಲಿ ಇದೇ ಫಿಲ್ಟರ್ ಹಾಕಿದರೆ ಮೇಲೆ ಹೇಳಿದ ನಡುಕವನ್ನು ನಾವೇ ದುಡ್ಡು ಕೊಟ್ಟು ತಂದುಕೊಂಡ ಹಾಗೆ.

ನಮ್ಮ ಊರುಗಳ ಬೆಳಕನ್ನು ನೆನಪಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಮಧ್ಯಾಹ್ನವೇ ಸಂಜೆಯ ಹಾಗಿರುತ್ತದೆ. ಜಲಪಾತ ನೋಡಲು, ಘಾಟಿ ಹತ್ತಲು ಜನ ಹೋಗುವುದೂ ಆಗಲೇ. ಯಕ್ಷಗಾನ ರಾತ್ರಿ, ಕೋಲ ರಾತ್ರಿ, ತೇರು ಎಳೆಯುವುದು ಎಷ್ಟೋ ಕಡೆ ಸಂಜೆ. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಸರ್ಫಿಂಗ್ ಮಾಡುವವರಿಗಾಗಿ ಹುಟ್ಟಿದ ಕ್ಯಾಮೆರಾ ಇದು. ಗೋಪ್ರೋ ಶುರು ಮಾಡಿದ ನಿಕ್ ವುಡ್‌ಮನ್ ಸ್ವತಃ ಸರ್ಫರ್. ಆ ಬೆಳಕಿನಲ್ಲಿ ಚಿಕ್ಕ ಸೆನ್ಸರ್ ಸಾಕು. ನಮಗೆ ಸಾಲದು. ಆದ್ದರಿಂದ ಬೇರೆ ದೇಶದವರ ರಿವ್ಯೂ ನೋಡುವಾಗ ಅವರು ಯಾವ ಬೆಳಕಿನಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತ ಮೊದಲು ನೋಡಬೇಕು.

ಇನ್ನು ಬ್ಯಾಟರಿ ಮತ್ತು ಬಿಸಿ. ಹೀರೋ 9ರಿಂದ 12ರ ತನಕ ಬ್ಯಾಟರಿ 1720 ಎಂಎಎಚ್ ಇತ್ತು, ಈಗ 1900. ಹತ್ತು ಪರ್ಸೆಂಟ್ ಜಾಸ್ತಿ. ಕಂಪನಿ ಹೇಳುವ ಪ್ರಕಾರ 5.3ಕೆ 30 ಫ್ರೇಮ್‌ನಲ್ಲಿ ಒಂದೂವರೆ ಗಂಟೆ, 1080ಪಿಯಲ್ಲಿ ಎರಡೂವರೆ ಗಂಟೆ ಓಡುತ್ತದೆ. ಡಿಜೆಐ ಆ್ಯಕ್ಷನ್ 5 ಪ್ರೊಗೆ 4 ಗಂಟೆ ಅನ್ನುತ್ತದೆ, ಆದರೆ ಅದು 1080ಪಿ 24 ಫ್ರೇಮ್‌ನ ಮಾತು. ಇಂಥ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಪ್ರಯೋಜನ ಇಲ್ಲ, ಯಾವ ಸೆಟ್ಟಿಂಗ್‌ನಲ್ಲಿ ಅನ್ನುವುದು ಮುಖ್ಯ.

ನಿಜವಾದ ಮಿತಿ ಎಷ್ಟೋ ಸಲ ಬ್ಯಾಟರಿಗಿಂತ ಮೊದಲೇ ಬರುತ್ತದೆ. ಈ ಕ್ಯಾಮೆರಾದೊಳಗೆ ಫ್ಯಾನ್ ಇಲ್ಲ, ನೀರು ಹೋಗಬಾರದು ಅಂತ ಎಲ್ಲ ಕಡೆ ಸೀಲ್ ಮಾಡಿದ್ದಾರೆ. 5.3ಕೆಯಲ್ಲಿ ಒಂದು ಫ್ರೇಮಿಗೆ ಒಂದೂವರೆ ಕೋಟಿಗೂ ಜಾಸ್ತಿ ಪಿಕ್ಸೆಲ್, ಅಂಥ 60 ಫ್ರೇಮ್ ಪ್ರತಿ ಸೆಕೆಂಡಿಗೆ. ಅವನ್ನೆಲ್ಲ ಕುಗ್ಗಿಸಿ ಬರೆಯುವಾಗ ಹುಟ್ಟುವ ಬಿಸಿ ಹೊರಗೆ ಹೋಗುವುದಕ್ಕೆ ಇರುವುದು ಕ್ಯಾಮೆರಾದ ಮೈ ಒಂದೇ. ಬೈಕ್ ಓಡುತ್ತಿರುವಾಗ ಗಾಳಿ ತಾಗಿ ತಣ್ಣಗಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಸಿಗ್ನಲ್‌ನಲ್ಲಿ ಬಿಸಿಲಲ್ಲಿ ನಿಂತರೆ ಗಾಳಿ ಇಲ್ಲ, ಕ್ಯಾಮೆರಾ ಬಿಸಿಯಾಗಿ ತಾನಾಗೇ ಆಫ್ ಆಗಬಹುದು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಂತೂ ಟ್ರೈಪಾಡ್ ಮೇಲಿಟ್ಟು ಗಂಟೆಗಟ್ಟಲೆ ರೆಕಾರ್ಡ್ ಮಾಡುತ್ತೇನೆ ಅಂದರೆ ಯಾವ ಆ್ಯಕ್ಷನ್ ಕ್ಯಾಮೆರಾ ಆದರೂ ಕೈಕೊಡುವ ಸಾಧ್ಯತೆ ಇದೆ. ಉಪಾಯ ಸರಳ. 4ಕೆ 30ಕ್ಕೆ ಇಳಿಸಿ. ಫೋನಿನಲ್ಲಿ, ಯೂಟ್ಯೂಬ್‌ನಲ್ಲಿ ನೋಡುವವರಿಗೆ ವ್ಯತ್ಯಾಸ ಬಹಳ ಸಲ ಗೊತ್ತೇ ಆಗುವುದಿಲ್ಲ. ಅಲುಗಾಟ ಇಲ್ಲದ ಕಡೆ ಹೈಪರ್‌ಸ್ಮೂತ್ ಆಫ್ ಮಾಡಿ, ವೈ-ಫೈ ಆಫ್ ಮಾಡಿ. ಬಿಸಿ ಕಡಿಮೆಯಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಬೇಜಾರಿನ ಸಂಗತಿ ಎಂದರೆ ಹೊಸ ಬ್ಯಾಟರಿಯ ಆಕಾರ ಬೇರೆ. ಹೀರೋ 9ರಿಂದ ನಾಲ್ಕು ವರ್ಷ ಒಂದೇ ಆಕಾರ ಇತ್ತು. ಮೂರು, ನಾಲ್ಕು ಹೆಚ್ಚುವರಿ ಬ್ಯಾಟರಿ ಕೂಡಿಟ್ಟುಕೊಂಡವರು ಎಷ್ಟೋ ಜನ ಇದ್ದಾರೆ. ಅವರಿಗೆ ಅವೆಲ್ಲ ಹೀರೋ 13ರಲ್ಲಿ ಉಪಯೋಗ ಇಲ್ಲ. ಆ್ಯಕ್ಷನ್ 5 ಪ್ರೊದಲ್ಲಿ ಹಳೆಯ ಆ್ಯಕ್ಷನ್ 3, ಆ್ಯಕ್ಷನ್ 4ರ ಬ್ಯಾಟರಿಗಳನ್ನೂ ಹಾಕಬಹುದು. ಗ್ರಾಹಕರ ಕಡೆಯಿಂದ ನೋಡಿದರೆ ಡಿಜೆಐ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಕಾರ್ಡ್ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗರಿಷ್ಠ ಬಿಟ್‌ರೇಟ್ (ಕಾರ್ಡಿಗೆ ಬರೆಯುವ ಮಾಹಿತಿಯ ಪ್ರಮಾಣ) ಸೆಕೆಂಡಿಗೆ 120 ಮೆಗಾಬಿಟ್, ಅಂದರೆ 15 ಮೆಗಾಬೈಟ್. ಗಂಟೆಗೆ 54 ಜಿಬಿ. 64 ಜಿಬಿ ಕಾರ್ಡ್ ಒಂದು ಗಂಟೆ ಚಿಲ್ಲರೆಗೆ ತುಂಬುತ್ತದೆ. ವಿ30 ಗುರುತಿನ ಒಳ್ಳೆಯ ಕಾರ್ಡ್ ಇದ್ದರೆ ಬರೆಯುವ ವೇಗಕ್ಕೆ ತೊಂದರೆ ಇಲ್ಲ, ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ. ನಕಲಿ ಕಾರ್ಡ್‌ಗಳಿಂದ ದೂರ ಇರಿ. ಕ್ಯಾಮೆರಾ ಮಧ್ಯದಲ್ಲಿ ನಿಂತುಹೋಯಿತು ಅನ್ನುವ ದೂರುಗಳಲ್ಲಿ ಕಾರ್ಡ್‌ನದ್ದೇ ತಪ್ಪಿರುವುದು ಅಪರೂಪ ಏನಲ್ಲ. ಆ್ಯಕ್ಷನ್ 5 ಪ್ರೊದಲ್ಲಿ 47 ಜಿಬಿ ಒಳಗೇ ಇದೆ, ಕಾರ್ಡ್ ಮನೆಯಲ್ಲೇ ಮರೆತು ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಜಿಪಿಎಸ್ ವಾಪಸ್ ಬಂದದ್ದು ಒಳ್ಳೆಯದೇ. ವೇಗ, ಎತ್ತರ, ದಾರಿಯ ನಕ್ಷೆಯನ್ನು ವಿಡಿಯೋ ಮೇಲೆ ತೋರಿಸಲು ಬೈಕಿನವರಿಗೆ, ಸೈಕಲ್‌ನವರಿಗೆ ಅದು ಬೇಕೇ ಬೇಕು. 2023ರಲ್ಲಿ ತೆಗೆದದ್ದೇ ತಪ್ಪು. ತೆಗೆದದ್ದನ್ನು ವಾಪಸ್ ಕೊಟ್ಟದ್ದನ್ನು ಹೊಸ ಸೌಲಭ್ಯ ಅಂತ ಎಣಿಸಲು ನನಗೆ ಮನಸ್ಸಿಲ್ಲ. ಮ್ಯಾಗ್ನೆಟ್ ಮೌಂಟ್ ಚೆನ್ನಾಗಿದೆ. ಹೆಲ್ಮೆಟ್‌ನಿಂದ ಹ್ಯಾಂಡಲ್‌ಗೆ, ಹ್ಯಾಂಡಲ್‌ನಿಂದ ಕೈಗೆ ಬದಲಿಸುವಾಗ ಸ್ಕ್ರೂ ತಿರುಗಿಸುತ್ತಾ ಕೂರಬೇಕಿಲ್ಲ. ಡಿಜೆಐಯಲ್ಲಿ ಇದು ಮೊದಲೇ ಇತ್ತು.

ನೀರಿನ ವಿಷಯದಲ್ಲಿ ಏನೂ ಬದಲಾಗಿಲ್ಲ, 10 ಮೀಟರ್ ತನಕ ಹಾಗೇ ಇಳಿಯಬಹುದು. ದಾಂಡೇಲಿಯ ರ‍್ಯಾಫ್ಟಿಂಗ್‌ಗೆ ಸಾಕು. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾಗೆ ಹೋಗುವವರು ಡೈವ್ ಹೌಸಿಂಗ್ (ನೀರು ತಡೆಯುವ ಹೊರಕವಚ) ಹಾಕಿಕೊಳ್ಳುವುದು ವಾಸಿ, ಯಾಕೆಂದರೆ ಆ 10 ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು ಆಗಿರುತ್ತದೆ. ಬಾಗಿಲಿನ ರಬ್ಬರ್ ಮೇಲೆ ಒಂದು ಮರಳಿನ ಕಣ ಕೂತಿದ್ದರೂ ಸಾಕು, ನೀರು ಒಳಗೆ ಹೋಗುತ್ತದೆ. ಡಿಜೆಐ 20 ಮೀಟರ್ ಅನ್ನುತ್ತದೆ.

ಹಾಗಾದರೆ ಯಾರು ತಗೋಬೇಕು? ಹೀರೋ 11 ಅಥವಾ 12 ಇರುವವರು, ಮ್ಯಾಕ್ರೋ ಅಥವಾ ಅನಾಮಾರ್ಫಿಕ್ ಲೆನ್ಸ್ ಬೇಕೇ ಬೇಕು ಅಂತಿಲ್ಲದಿದ್ದರೆ, ಬದಲಿಸುವ ಅಗತ್ಯ ಇಲ್ಲ. ಆ ದುಡ್ಡಿನಲ್ಲಿ ಹೆಲ್ಮೆಟ್ ಒಳಗೆ ಕೂರುವ ಒಂದು ಒಳ್ಳೆಯ ಮೈಕ್, ಎರಡು ಬ್ಯಾಟರಿ, ಒಂದು ಗಟ್ಟಿ ಚಿನ್ ಮೌಂಟ್ ತಗೊಂಡರೆ ನಿಮ್ಮ ವಿಡಿಯೋ ಜಾಸ್ತಿ ಸುಧಾರಿಸುತ್ತದೆ. ಹೀರೋ 8 ಅಥವಾ ಅದಕ್ಕೂ ಹಳೆಯದು ಇರುವವರಿಗೆ ದೊಡ್ಡ ಬದಲಾವಣೆ ಕಾಣುತ್ತದೆ. ಅದರಲ್ಲೂ 8:7 ಅಳತೆಯ, ಅಂದರೆ ಹೆಚ್ಚೂಕಡಿಮೆ ಚೌಕದ ಸೆನ್ಸರ್. ಒಂದೇ ಸಲ ತೆಗೆದ ಕ್ಲಿಪ್‌ನಿಂದ ಯೂಟ್ಯೂಬ್‌ಗೆ ಅಡ್ಡ ವಿಡಿಯೋ, ರೀಲ್ಸ್‌ಗೆ ಉದ್ದ ವಿಡಿಯೋ ಎರಡನ್ನೂ ಕತ್ತರಿಸಿಕೊಳ್ಳಬಹುದು. ಮೊದಲ ಸಲ ಆ್ಯಕ್ಷನ್ ಕ್ಯಾಮೆರಾ ಕೊಳ್ಳುವವರು, ಅದರಲ್ಲೂ ಮಳೆ, ಕಾಡು, ರಾತ್ರಿ ಇವುಗಳಲ್ಲೇ ಜಾಸ್ತಿ ತೆಗೆಯುವವರು, ದೊಡ್ಡ ಸೆನ್ಸರ್ ಇರುವ ಕ್ಯಾಮೆರಾವನ್ನೇ ಮೊದಲು ನೋಡಲಿ. ಯಾವ ಕಂಪನಿಯದ್ದಾದರೂ ದುಡ್ಡು ಕೊಡುವ ಮೊದಲು ನಿಮ್ಮ ಊರಿನಲ್ಲಿ ರಿಪೇರಿ, ಬದಲಿ ಬ್ಯಾಟರಿ, ವಾರಂಟಿ ಹೇಗಿದೆ ಅಂತ ವಿಚಾರಿಸಿಕೊಳ್ಳಿ. ವಾರಂಟಿ ಇಲ್ಲದ ಆಮದು ಕ್ಯಾಮೆರಾ ಎರಡು ಮೂರು ಸಾವಿರ ಅಗ್ಗಕ್ಕೆ ಸಿಕ್ಕರೂ ಅದು ಲಾಭ ಅಲ್ಲ.

ಸ್ಪರ್ಧೆ ಎತ್ತ ಹೋಗುತ್ತಿದೆ ಅನ್ನುವುದು 2025ರಲ್ಲಿ ಇನ್ನೂ ಸ್ಪಷ್ಟವಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗೋಪ್ರೋದಿಂದ ಹೀರೋ 14 ಬರಲಿಲ್ಲ, 360 ಡಿಗ್ರಿಯ ಮ್ಯಾಕ್ಸ್ 2 ಬಂತು. ನವೆಂಬರ್‌ನಲ್ಲಿ ಡಿಜೆಐ ತಂದ ಓಸ್ಮೋ ಆ್ಯಕ್ಷನ್ 6ರಲ್ಲಿ ಸೆನ್ಸರ್ 1/1.1 ಇಂಚಿಗೆ ಬೆಳೆಯಿತು, ಆಕಾರ ಚೌಕವಾಯಿತು, ಜೊತೆಗೆ ಎಫ್/2.0ರಿಂದ ಎಫ್/4.0 ತನಕ ಬದಲಾಗುವ ಅಪರ್ಚರ್ ಬಂತು. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಹಿಂದಿನ ಮಾದರಿಯ ಎಫ್/2.8ಕ್ಕೆ ಹೋಲಿಸಿದರೆ ಎಫ್/2.0ರಲ್ಲಿ ಒಳಗೆ ಬರುವ ಬೆಳಕು ಎರಡು ಪಟ್ಟು. ಅಂದರೆ ಅದೇ ಸಂಜೆ, ಅದೇ ಘಾಟಿಯಲ್ಲಿ ಶಟರ್ ಅರ್ಧ ಹೊತ್ತು ತೆರೆದರೆ ಸಾಕು, ಆ ನಡುಕವೂ ಅಷ್ಟೇ ಕಡಿಮೆಯಾಗುತ್ತದೆ. ಗೋಪ್ರೋದ ಮುಂದಿನ ಹೀರೋದಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ರೆಸಲ್ಯೂಶನ್ 8ಕೆ ಆಯಿತಾ ಅನ್ನುವುದನ್ನು ಆಮೇಲೆ ನೋಡಿದರಾಯಿತು.